ಕೊರಳಿನ ಕಿರುಗ್ರಂಥಿ: ಶಸ್ತ್ರಚಿಕಿತ್ಸೆ ಯಾರಿಗೆ, ಶುದ್ಧ ನೀರು ಯಾರಿಗೆ?



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲಿ ಮೂಳೆನೋವು ಹೊಸ ಮಾತೇನಲ್ಲ. ತಾಯಂದಿರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಗಂಡಸರು ಔಷಧದಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಕೆಲವರಲ್ಲಿ ಆ ನೋವಿನ ಮೂಲ ಇರುವುದು ಕೊರಳಿನಲ್ಲಿ.

ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ ತೊಗರಿ ಕಾಳಿನಷ್ಟು ಚಿಕ್ಕದಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುವುದು ಅವುಗಳ ಕೆಲಸ. ಅವುಗಳಲ್ಲೊಂದು ಗಡ್ಡೆಯಾಗಿ ಬೆಳೆದು ಅತಿಯಾಗಿ ಹಾರ್ಮೋನು ಸ್ರವಿಸಿದರೆ, ಮೂಳೆಯ ಕ್ಯಾಲ್ಸಿಯಂ ಕರಗಿ ರಕ್ತ ಸೇರುತ್ತದೆ. ಮೂಳೆ ಸವೆಯುತ್ತದೆ, ಮೂತ್ರಪಿಂಡದಲ್ಲಿ ಮತ್ತೆ ಮತ್ತೆ ಕಲ್ಲು ಕಟ್ಟುತ್ತದೆ, ಆಯಾಸ ಬಿಡುವುದಿಲ್ಲ.

ಇದಕ್ಕೆ ಶಾಶ್ವತ ಪರಿಹಾರ ಶಸ್ತ್ರಚಿಕಿತ್ಸೆ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ ಎಂಬ ವೈದ್ಯರು ಟ್ರಾಮ್ ನೌಕರನೊಬ್ಬನ ಕೊರಳಿನಿಂದ ಇಂಥ ಗಡ್ಡೆಯನ್ನು ಮೊದಲ ಬಾರಿಗೆ ತೆಗೆದರು. ಬಹುಕಾಲ ಕೊರಳಿನ ಎರಡೂ ಬದಿಯನ್ನು ತೆರೆದು ನಾಲ್ಕೂ ಗ್ರಂಥಿಗಳನ್ನು ಪರೀಕ್ಷಿಸುವುದೇ ಕ್ರಮವಾಗಿತ್ತು. ಈಗ ಅಲ್ಟ್ರಾಸೌಂಡ್ ಮತ್ತು ಸೆಸ್ಟಮಿಬಿ ಸ್ಕ್ಯಾನ್‌ಗಳಿಂದ ಗಡ್ಡೆಯಿರುವ ಜಾಗ ಮೊದಲೇ ತಿಳಿದರೆ, ಸಣ್ಣ ಗಾಯದಲ್ಲಿ ಅದೊಂದನ್ನೇ ತೆಗೆಯಬಹುದು. ತೆಗೆದ ಹತ್ತು ನಿಮಿಷಗಳಲ್ಲಿ ರಕ್ತದ ಹಾರ್ಮೋನು ಅರ್ಧಕ್ಕಿಂತ ಕೆಳಗಿಳಿದರೆ ಕೆಲಸ ಪೂರ್ಣಗೊಂಡಿತೆಂದು ಬಹುಮಟ್ಟಿಗೆ ನಂಬಬಹುದು. ಸ್ಕ್ಯಾನ್‌ನಲ್ಲಿ ಕಾಣದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಕೆಟ್ಟಿದ್ದರೆ, ಹಳೆಯ ಕ್ರಮವೇ ಸೂಕ್ತ. ದೀರ್ಘಕಾಲ ಡಯಾಲಿಸಿಸ್‌ನಲ್ಲಿರುವ ಕೆಲವರಿಗೆ ಮೂರೂವರೆ ಗ್ರಂಥಿಗಳನ್ನು ತೆಗೆಯುವುದುಂಟು; ನಾಲ್ಕನ್ನೂ ತೆಗೆದು ಒಂದರ ಚೂರುಗಳನ್ನು ಮುಂದೋಳಿನ ಸ್ನಾಯುವಿನಲ್ಲಿ ನೆಡುವುದೂ ಉಂಟು.

ಧ್ವನಿ ಹೋಗುವುದೆಂಬ ಭಯ ಅನೇಕರಲ್ಲಿದೆ. ಧ್ವನಿಯ ನರ ಹತ್ತಿರದಲ್ಲೇ ಹಾದುಹೋಗುವುದು ನಿಜ. ಆದ್ದರಿಂದಲೇ ಇಂಥ ಶಸ್ತ್ರಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರನ್ನೇ ಆರಿಸಿಕೊಳ್ಳಬೇಕು. ಅವರ ಕೈಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ರೋಗಿಗಳು ಗುಣವಾಗುತ್ತಾರೆ. ಬಳಿಕ ಹಸಿದ ಮೂಳೆಗಳು ಕ್ಯಾಲ್ಸಿಯಂ ಹೀರಿಕೊಳ್ಳುವುದರಿಂದ ಬಾಯಿಯ ಸುತ್ತ, ಬೆರಳುಗಳಲ್ಲಿ ಜೋಮು ಬಂದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು.

ಆದರೆ ಹಾರ್ಮೋನು ಹೆಚ್ಚಿರುವ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ನಮ್ಮ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ, ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಬಿಸಿಲು ಕಾಣದೆ ವಿಟಮಿನ್ ಡಿ ಕೊರತೆಯೂ ಸೇರಿದರೆ, ಆರೋಗ್ಯವಾಗಿರುವ ಗ್ರಂಥಿಗಳೇ ಅನಿವಾರ್ಯವಾಗಿ ಹೆಚ್ಚು ದುಡಿಯುತ್ತವೆ. ಇವರ ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ಇವರಿಗೆ ಬೇಕಾದುದು ಶುದ್ಧ ನೀರು, ಹಾಲು, ರಾಗಿ, ಬಿಸಿಲು ಮತ್ತು ವೈದ್ಯರು ಹೇಳಿದ ವಿಟಮಿನ್. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ಮಾಡಬೇಕಾದುದೇನು? ಕಲ್ಲು ಮರುಕಳಿಸಿದರೆ, ಸಣ್ಣ ಪೆಟ್ಟಿಗೆ ಮೂಳೆ ಮುರಿದರೆ, ನೋವು ತಿಂಗಳುಗಟ್ಟಲೆ ಬಿಡದಿದ್ದರೆ, ರಕ್ತದ ಕ್ಯಾಲ್ಸಿಯಂ ಪರೀಕ್ಷಿಸಿ. ಅದು ಹೆಚ್ಚಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನನ್ನೂ ನೋಡಬೇಕು. ಅಲ್ಲಿಯವರೆಗೆ ಸ್ವಂತ ಬುದ್ಧಿಯಿಂದ ಕ್ಯಾಲ್ಸಿಯಂ ನುಂಗಬೇಡಿ. ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪುರಸಭೆ, ಪಂಚಾಯಿತಿಗಳಲ್ಲಿ ಕೇಳಿ ಪಡೆಯಿರಿ. ಶುದ್ಧ ನೀರು ನಮ್ಮ ಹಕ್ಕು, ಯಾರ ಔದಾರ್ಯವೂ ಅಲ್ಲ. ಮನೆಯ ಹೆಣ್ಣುಮಕ್ಕಳ ನೋವನ್ನು ಕೇಳಿಸಿಕೊಳ್ಳುವ ಕಿವಿ ಮಾತ್ರ ಸರಕಾರದಿಂದ ಬರುವಂಥದ್ದಲ್ಲ. ಅದು ನಮ್ಮಲ್ಲೇ ಇರಬೇಕು.