ಮೋರಿಯರ ಮನೆಗಳು

ತುಂಗಭದ್ರೆಯ ಎಡದಂಡೆಯಲ್ಲಿ, ಗಂಗಾವತಿಯಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ, ಹಿರೇಬೆಣಕಲ್ ಎಂಬ ಹಳ್ಳಿಯಿದೆ. ಕೆಳಗೆ ಭತ್ತದ ಗದ್ದೆಗಳ ಹಸಿರು; ಮೇಲೆ ಬೋಳು ಬಂಡೆಗಳ ಸಾಲು. ಆ ಬಂಡೆಗಳ ನಡುವಣ ಕಾಲುದಾರಿಯನ್ನು ಏರಿದವನಿಗೆ ಗುಡ್ಡದ ಮೇಲೆ ಒಂದು ಊರೇ ಎದುರಾಗುತ್ತದೆ. ಸಾಲುಸಾಲಾಗಿ ಕಲ್ಲಿನ ಮನೆಗಳು. ಒಳಗೆ ಒಲೆಯಿಲ್ಲ, ಒಕ್ಕಲಿಲ್ಲ. ಇದು ಸತ್ತವರಿಗಾಗಿ ಕಟ್ಟಿದ ಊರು.

ಕಬ್ಬಿಣಯುಗದ ಬೃಹತ್ ಶಿಲಾ ಸಂಸ್ಕೃತಿಯ ಜನ 2,000 ವರ್ಷಗಳಿಗೂ ಹಿಂದೆ ನಿಲ್ಲಿಸಿದ ಈ ಸ್ಮಾರಕಗಳು ಸುಮಾರು 400. ನಿಲ್ಲಿಸಿದ ಚಪ್ಪಡಿಗಳೇ ಗೋಡೆ, ಹೊದಿಸಿದ ಚಪ್ಪಡಿಯೇ ಮಾಡು. ಹಲವಕ್ಕೆ ಎದುರುಗಲ್ಲಿನಲ್ಲಿ ದುಂಡನೆಯ ಕಿಂಡಿ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಇವನ್ನು ಕಂಡು ವಿದ್ವಾಂಸರ ಗಮನಕ್ಕೆ ತಂದನು. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ನನಗೆ ದಾರಿ ತೋರಿಸಿದವನು ಒಬ್ಬ ಮುದಿ ಕುರಿಗಾಹಿ. "ಇವು ಮೋರೇರ ಮನಿರೀ ಸಾಹೇಬ್ರ. ಅವ್ರು ಮೂರು ಗೇಣಿನ ಮಂದಿ ಇದ್ರಂತ," ಎಂದ. ಮೇಷ್ಟರ ನಾಲಗೆ ಸುಮ್ಮನಿರಲಿಲ್ಲ. ಇವು ಮನೆಗಳಲ್ಲ, ಸತ್ತವರ ಸ್ಮಾರಕಗಳು ಎಂದು ತಿದ್ದಿದೆ. ಆತ ಕಿಂಡಿಯತ್ತ ಕೈ ತೋರಿಸಿ ಕೇಳಿದ: "ಹಂಗಾದ್ರ ಬಾಗಿಲು ಯಾಕ ಇಟ್ರು?"

ನನ್ನಲ್ಲಿ ಉತ್ತರವಿರಲಿಲ್ಲ. ಹೂತು ಮರೆಯುವ ಉದ್ದೇಶವಿದ್ದರೆ ಇಷ್ಟು ಕಲ್ಲನ್ನು ಹೊತ್ತು, ಅದರಲ್ಲಿ ಕಿಂಡಿ ಕೊರೆಯುವ ಶ್ರಮವೇಕೆ? ಅಗಲಿದವರೊಡನೆ ಹೋಗಿಬರುವ ನಂಟು ಉಳಿಯಲೆಂದು ಬಯಸಿದವರ ಕೆಲಸವಿದು ಎಂದು ನನಗೆ ತೋರುತ್ತದೆ. 'ಮನೆ' ಎಂಬ ಕುರಿಗಾಹಿಯ ಮಾತು 'ಸ್ಮಾರಕ' ಎಂಬ ನನ್ನ ಮಾತಿಗಿಂತ ಅವರ ಮನಸ್ಸಿಗೆ ಹತ್ತಿರವಿರಬಹುದು.

ಎಷ್ಟೋ ಮನೆಗಳ ಚಪ್ಪಡಿಗಳು ಮುರಿದು ಬಿದ್ದಿವೆ. ಕೆಲವನ್ನು ಕಾಲ ಕೆಡವಿತು. ಕೆಲವನ್ನು ನಿಧಿಯಾಸೆಯವರು ಕೆಡವಿದರು. ಕಾಯಿದೆಯ ರಕ್ಷಣೆ ಇದೆ, ಇರಲೇಬೇಕು. ಆದರೆ ಗುಡ್ಡದ ಮೇಲೆ ಇರುಳೆಲ್ಲ ಕಾಯಿದೆ ಎಚ್ಚರವಿರುವುದಿಲ್ಲ. ಇದು ಒಬ್ಬರ ಮನೆ ಎಂದು ನಂಬಿದವನು ಅದರ ನೆಲ ಅಗೆಯಲಾರ.

ಇಳಿಯುವ ಮುನ್ನ ಆತ ಎತ್ತರದ ಬಂಡೆಯೊಂದನ್ನು ಹತ್ತಿದ. ಅದರ ಮೇಲೆ ನಗಾರಿಯಾಕಾರದ ದೊಡ್ಡ ಕಲ್ಲಿದೆ. ಕೈಗಲ್ಲಿನಿಂದ ಮೆಲ್ಲನೆ ತಟ್ಟಿದ. ಬಂಡೆಗಳ ನಡುವೆ ನಾದ ಹರಡಿತು. ಒಂದಕ್ಷರವನ್ನೂ ಬರೆದಿಡದ ಆ ಜನ ಕೇಳಿರಬಹುದಾದ ದನಿಯನ್ನು, ಜೀವಮಾನವೆಲ್ಲ ಅಕ್ಷರ ನಂಬಿದ ನಾನು ನಿಂತು ಕೇಳಿದೆ.