ಕ್ರಿಸ್ಮಸ್ ರಜೆಯ ಚೀಲದಲ್ಲಿ ಯಾವ ಪುಸ್ತಕ?



ಡಿಸೆಂಬರಿನ ಕೊನೆಯ ವಾರ. ಬಾಂದ್ರಾದ ಗಲ್ಲಿಗಳಲ್ಲಿ ನಕ್ಷತ್ರದೀಪಗಳು ತೂಗಾಡುತ್ತಿವೆ. ಮಕ್ಕಳಿಗೆ ರಜೆ. ನಿಮ್ಮಲ್ಲಿ ಹಲವರ ಕಿಸೆಯಲ್ಲಿ ಊರಿನ ರೈಲಿನ ಟಿಕೆಟ್ ಇದೆ. ವರ್ಷವಿಡೀ ಲೋಕಲ್ಲಿನಲ್ಲಿ ನಿಂತೇ ಓಡಾಡಿದವರಿಗೆ ಕೊಂಕಣ ರೈಲಿನಲ್ಲಿ ಒಂದು ಬರ್ತು, ಒಂದು ಕಿಟಕಿ ಮತ್ತು ಬೇಕಾದಷ್ಟು ಹೊತ್ತು ಸಿಗುತ್ತದೆ. ಹಾಗಾದರೆ ಯಾವ ಪುಸ್ತಕ ಒಯ್ಯೋಣ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಜೆ ಬಂತೆಂದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹೊತ್ತುಕೊಂಡು ಹೊರಡಬೇಡಿ. ಮಹಾ ಕಾದಂಬರಿ, ಅನುಮಾನವಿಲ್ಲ. ಆದರೆ ಒಂದು ವಾರದಲ್ಲಿ ಓಡಿಸಿಕೊಂಡು ಓದುವಂಥದ್ದಲ್ಲ. ನೂರನೇ ಪುಟಕ್ಕೆ ಟಿಕೆಟ್ಟನ್ನೇ ಗುರುತಾಗಿಟ್ಟು ವಾಪಸು ತಂದರೆ, ಆ ಟಿಕೆಟ್ಟು ಮುಂದಿನ ಡಿಸೆಂಬರ್‌ವರೆಗೂ ಅಲ್ಲೇ ಇರುತ್ತದೆ.

ಯಶವಂತ ಚಿತ್ತಾಲರ 'ಶಿಕಾರಿ' (1979) ಮುಂಬಯಿ ಕನ್ನಡಿಗರು ಓದಲೇಬೇಕಾದ ಪುಸ್ತಕ. ಕಂಪನಿಯ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರವಿಡುತ್ತಾರೆ, ಏಕೆಂದು ಅವನಿಗೇ ತಿಳಿಯದು. ಬಾಸಿನ ಕಾಟದಿಂದ ನಾಲ್ಕು ದಿನ ತಪ್ಪಿಸಿಕೊಂಡು ಹೊರಟವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಜನವರಿಯಲ್ಲಿ ಓದಿ.

ರಜೆಗೆ ನಾನು ಕೊಡುವುದು ನಾ. ಡಿಸೋಜ ಅವರ 'ದ್ವೀಪ'. ಚಿಕ್ಕ ಕಾದಂಬರಿ, ದಾರಿಯಲ್ಲೇ ಮುಗಿಯುತ್ತದೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಏರಿ ಏರಿ ಗಣಪಯ್ಯ, ನಾಗವೇಣಿಯರ ಮನೆಯನ್ನು ಸುತ್ತುವರಿಯುವ ಕಥೆ. ಸಾಗರದ ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಮುಳುಗಡೆಯನ್ನು ಹತ್ತಿರದಿಂದ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದ್ದೇವಲ್ಲ ಎನ್ನಬೇಡಿ. ಊರು ಬಿಟ್ಟು ಬಂದ ನಮಗೆ ಪುಸ್ತಕದ ನೀರು ಬೇರೆಯೇ ತಣ್ಣಗೆ ತಾಗುತ್ತದೆ.

ಇಷ್ಟು ನಿಮಗಾಯಿತು. ಪಕ್ಕದಲ್ಲಿ ಕೂತ ಮಗುವಿಗೆ?

ನಮ್ಮ ಮನೆಗಳ ನಿಜವಾದ ಚಿಂತೆ ಇದು. ಇಲ್ಲಿ ಬೆಳೆದ ಎಷ್ಟೋ ಮಕ್ಕಳ ಕಿವಿಗೆ ಕನ್ನಡ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಹಿಂದಿ, ಮರಾಠಿ, ಇಂಗ್ಲಿಷ್ ಓದುತ್ತಾರೆ. ಅಜ್ಜಿ ಬರೆದ ಒಂದು ಚೀಟಿ ಓದಲಾರರು. ರಜೆಯಲ್ಲಿ ಅ, ಆ, ಇ ತಿದ್ದಿಸಲು ಕೂತರೆ ಮಗು ಓಡಿಹೋಗುತ್ತದೆ. ಕಥೆ ಓದಿ ಹೇಳಿ.

ಕ್ರಿಸ್ಮಸ್ ಕಥೆಗಳಿಗೂ ಗಟ್ಟಿಯಾಗಿ ಓದುವುದಕ್ಕೂ ಹಳೆಯ ನಂಟು. ಡಿಕನ್ಸ್ 1843ರ ಡಿಸೆಂಬರ್ 19ರಂದು ಜಿಪುಣ ಸ್ಕ್ರೂಜನ 'ಎ ಕ್ರಿಸ್ಮಸ್ ಕ್ಯಾರಲ್' ಪ್ರಕಟಿಸಿದರು. ಮೊದಲ 6,000 ಪ್ರತಿಗಳು ಹಬ್ಬದೊಳಗೇ ಖಾಲಿಯಾದವು. ಹತ್ತು ವರ್ಷದ ನಂತರ ಅವರೇ ಬರ್ಮಿಂಗ್‌ಹ್ಯಾಮಿನಲ್ಲಿ ಸಭಿಕರ ಮುಂದೆ ನಿಂತು ಅದನ್ನು ಓದಿದರು. ಆಮೇಲೆ ಜೀವನದ ಕೊನೆಯವರೆಗೂ ಓದುತ್ತಲೇ ಇದ್ದರು.

ನೀವು ಜಯಂತ ಕಾಯ್ಕಿಣಿಯವರ 'ಒಪೆರಾ ಹೌಸ್' ಓದಿ. ಚಿತ್ರಮಂದಿರದಲ್ಲಿ ಕಸ ಗುಡಿಸುವವನಿಗೆ ಯಾರೋ ಮರೆತುಹೋದ ಥರ್ಮಾಸ್ ಫ್ಲಾಸ್ಕ್ ಸಿಗುತ್ತದೆ. ಚರ್ನಿ ರೋಡ್ ಬಲ್ಲ ಮಗುವಿಗೆ ಜಾಗ ಪರಿಚಯ ಮಾಡಿಸಬೇಕಿಲ್ಲ. ಹತ್ತು ದಾಟಿದ ಮಕ್ಕಳಿಗೆ ಸರಿ. ಮೊದಲು ನೀವೊಮ್ಮೆ ಓದಿಕೊಳ್ಳಿ, ಭಾರವೆನಿಸಿದ ಕಡೆ ಬಾಯಿಮಾತಿನಲ್ಲಿ ಹೇಳಿ. ಬೆರಳು ಸಾಲಿನ ಕೆಳಗೆ ಓಡುತ್ತಿರಲಿ.

ಫ್ಲಾಸ್ಕ್ ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚಿಬಿಡಿ. ಊರು ತಲುಪಿದ ಮೇಲೆ ಅಜ್ಜಿಯ ಕನ್ನಡಕ ಹುಡುಕಿ ಕೊಟ್ಟು, ಉಳಿದದ್ದನ್ನು ಅವರ ಕೈಯಲ್ಲಿ ಓದಿಸಿ.