ಜೀವಿಗೆ ತನ್ನ ನೆಲೆಯೇ ಅಭಯ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಬಸದಿಯ ಪ್ರತಿಷ್ಠೆಯ ಈ ಶುಭಸಮಯದಲ್ಲಿ ಅಹಿಂಸೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಶಾಸ್ತ್ರವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ಆದುದರಿಂದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡು ಸೀಮೆಯ ಕಾಡು, ಕೆರೆಗಳು ಕಲಿಸುವ ಪಾಠವೊಂದನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಈ ನಾಲ್ಕೂ ಒಂದೇ ಜಿಲ್ಲೆಯ ತಾಲ್ಲೂಕುಗಳಾದರೂ ಇವುಗಳ ಪ್ರಕೃತಿ ಒಂದೇ ಬಗೆಯದಲ್ಲ. ಜೋಯಿಡಾದ ಪಶ್ಚಿಮದಲ್ಲಿ ಸಹ್ಯಾದ್ರಿಯ ಘೋರ ಮಳೆ, ನಿತ್ಯಹಸುರಿನ ಅಡವಿ. ದಾಂಡೇಲಿಯ ಸುತ್ತ ಎಲೆಯುದುರುವ ಮತ್ತಿ, ಹೊನ್ನೆ, ತೇಗ ಮತ್ತು ಬಿದಿರುಮೆಳೆಗಳು. ಹಳಿಯಾಳ, ಮುಂಡಗೋಡುಗಳ ಮೂಡಣ ಭಾಗಕ್ಕೆ ಬಂದರೆ ಮಳೆ ಇಳಿದು ಗದ್ದೆ, ಕೆರೆಗಳ ಬಯಲು. ಎಲ್ಲಿ ಯಾವ ಜೀವಿಗೆ ಅನ್ನ, ನೀರು, ಆಸರೆ ಮೂರೂ ಕೂಡಿ ದೊರೆಯುತ್ತವೆಯೋ ಅಲ್ಲಿಯೇ ಅದು ತಲೆಮಾರುಗಳ ಕಾಲ ಬಾಳುತ್ತದೆ.

ದಾಂಡೇಲಿಯ ಮಂಗಟ್ಟೆ ಹಕ್ಕಿಯನ್ನೇ ನೋಡಿರಿ. ಇಲ್ಲಿ ಅದರ ನಾಲ್ಕು ಪ್ರಭೇದಗಳಿವೆ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಹಕ್ಕಿಯು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಹಿಕ್ಕೆ ಮೊದಲಾದುವುಗಳಿಂದ ಬಾಗಿಲನ್ನು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ. ಗಂಡು ಹಕ್ಕಿ ದಿನವೂ ಆಲ, ಅತ್ತಿ, ಬಸರಿಯ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಅದು ನುಂಗಿದ ರಾಮಪತ್ರೆಯಂತಹ ಹಣ್ಣಿನ ಬೀಜಗಳು ದೂರದಲ್ಲಿ ಬಿದ್ದು ಮೊಳೆಯುತ್ತವೆ. ಮರ ಹಕ್ಕಿಗೆ ಮನೆಯನ್ನೂ ಅನ್ನವನ್ನೂ ಕೊಟ್ಟರೆ, ಹಕ್ಕಿ ಮರದ ಸಂತತಿಯನ್ನು ಹೊತ್ತೊಯ್ದು ಬಿತ್ತುತ್ತದೆ. ಆದರೆ ಮಂಗಟ್ಟೆಯು ಮರಕುಟಿಗನಂತೆ ತಾನೇ ಪೊಟರೆಯನ್ನು ಕೊರೆಯಲಾರದು. ಮುದಿಮರ ಟೊಳ್ಳಾಗಿದೆ, ಮಾರಿದರೆ ಸೌದೆಯ ಬೆಲೆಯೂ ಬಾರದು ಎಂದು ನಾವು ಕಡಿದರೆ, ಒಂದು ಹಕ್ಕಿಯನ್ನೂ ಮುಟ್ಟದೆ ಒಂದು ವಂಶವನ್ನು ಕೆಡಿಸಿದಂತಾಗುತ್ತದೆ.

ಬಿದಿರಿನ ಕಥೆಯೂ ಹೀಗೆಯೇ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಈ ಕಾಡುಗಳ ಬಿದಿರು ಹೋಗುತ್ತಿತ್ತು. ಬಿದಿರು ಕ್ಷೀಣಿಸಿದ ಕಾರಣವನ್ನು 1970ರ ದಶಕದಲ್ಲಿ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಅಭ್ಯಸಿಸಿದರು. ಮೆಳೆಯ ಬುಡದ ಮುಳ್ಳುಕಂಟಿಯನ್ನು ತೆಗೆದರೆ ಗಳಗಳು ಸೊಂಪಾಗಿ ಬರುವುವೆಂದು ತಿಳಿದವರು ನಂಬಿ ಅದನ್ನು ಸವರಿಸುತ್ತಿದ್ದರು. ಆದರೆ ಆ ಮುಳ್ಳೇ ಎಳೆಯ ಕಳಲೆಗೆ ಬೇಲಿಯಾಗಿತ್ತು. ಬೇಲಿ ಹೋದ ಮೇಲೆ ದನಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇದುಬಿಟ್ಟವು. ಹಳ್ಳಿಯ ಜನ ಇದನ್ನು ಮೊದಲೇ ಬಲ್ಲವರಾಗಿದ್ದರು. ನಮ್ಮ ಕಣ್ಣಿಗೆ ನಿರುಪಯುಕ್ತವಾಗಿ ಕಾಣುವ ಮುಳ್ಳು ಒಂದು ಜೀವಕ್ಕೆ ತಾಯಿಯ ಸೆರಗು.

ನೀರಿನ ಮಾತೂ ಇಷ್ಟೇ. ಮುಂಡಗೋಡು ತಾಲ್ಲೂಕಿನ ಅತ್ತಿವೇರಿ ಜಲಾಶಯ ಪಕ್ಷಿಧಾಮವಾಗಿದೆ. ಅಲ್ಲಿಗೆ ಬರುವ ಚಮಚದ ಕೊಕ್ಕಿನ ಹಕ್ಕಿಯು ಆಳವಿಲ್ಲದ ನೀರಿನಲ್ಲಿ ನಿಂತು, ಕೊಕ್ಕನ್ನು ಅತ್ತಿತ್ತ ಬೀಸುತ್ತ ಸಣ್ಣ ಜಲಚರಗಳನ್ನು ಹಿಡಿಯುತ್ತದೆ. ಕೆರೆಯ ಕೆಸರಂಚು ಅದರ ಊಟದೆಲೆ. ಆ ಅಂಚನ್ನು ಒತ್ತುವರಿ ಮಾಡಿದರೆ ನಡುವೆ ಎಷ್ಟೇ ನೀರಿದ್ದರೂ ಅದಕ್ಕೆ ಉಪವಾಸವೇ. ಇತ್ತ ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪಟ್ಟಣವೂ ಸುತ್ತಲ ಕಾಡೂ ಮುಳುಗಿದವು. ಅನೇಕ ಕುಟುಂಬಗಳು ರಾಮನಗರಕ್ಕೆ ಬಂದು ನೆಲೆಸಿದವು. ಆ ನೋವನ್ನು ಹಿರಿಯರು ಇಂದಿಗೂ ಮರೆತಿಲ್ಲ. ಮನುಷ್ಯನಾದರೂ ಗಂಟುಮೂಟೆ ಹೊತ್ತು ನಡೆದಾನು. ಬೇರುಬಿಟ್ಟ ಮರ ಎಲ್ಲಿಗೆ ಹೋಗಬೇಕು?

ಬಂಧುಗಳೇ, ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂಬುದು ತಮಗೆ ತಿಳಿದೇ ಇದೆ. ಕೊಟ್ಟಿಗೆಯ ಎತ್ತಿಗೆ ಮೇವು ತಪ್ಪಿಸಿದರೆ ನಾವು ಪ್ರಾಯಶ್ಚಿತ್ತಕ್ಕೆ ನಿಲ್ಲುತ್ತೇವೆ. ಪೊಟರೆಯ ಮರವನ್ನು ಉರುಳಿಸಿ, ಕೆರೆಯಂಚನ್ನು ನುಂಗಿ, ಕಾಡಿನ ಜೀವಿಗಳ ಅನ್ನಪಾನವನ್ನು ತಪ್ಪಿಸಿದಾಗ ನಮ್ಮ ಮನಸ್ಸು ಏಕೆ ಕುಟುಕುವುದಿಲ್ಲ? ಕೊಲ್ಲುವ ಕೈ ಅಲ್ಲಿ ಕಾಣುವುದಿಲ್ಲ. ಅದಕ್ಕೇ ಆ ಹಿಂಸೆ ಸುಲಭವಾಗಿ ನಡೆದುಹೋಗುತ್ತದೆ.

ನಾವು ಗೃಹಸ್ಥರು. ಉಳುಮೆ ಬೇಕು, ತೊಲೆ ಬೇಕು, ವಿದ್ಯುತ್ತು ಬೇಕು. ನಮ್ಮ ಶಾಸ್ತ್ರಗ್ರಂಥಗಳೂ ಕಾಗದದ ಮೇಲೆಯೇ ಅಚ್ಚಾಗುತ್ತವೆ. ಇದನ್ನು ಮರೆಮಾಚಿ ಉಪದೇಶ ಮಾಡಲಾರೆ. ಅದಕ್ಕಾಗಿಯೇ ಗೃಹಸ್ಥನಿಗೆ ಪರಿಮಾಣವ್ರತವನ್ನು ವಿಧಿಸಿದ್ದಾರೆ. ಸರ್ಕಾರ 1956ರಲ್ಲಿ ದಾಂಡೇಲಿ ಅಭಯಾರಣ್ಯವನ್ನೂ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಘೋಷಿಸಿತು. 2007ರಲ್ಲಿ ಅವೆರಡೂ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆದವು. ದಾಂಡೇಲಿಯ ಮಂಗಟ್ಟೆಗಳಿಗೆಂದೇ 2011ರಲ್ಲಿ ಸಂರಕ್ಷಣಾ ಮೀಸಲು ಏರ್ಪಟ್ಟಿತು. ಆದರೆ ಸರ್ಕಾರದ ಗಡಿಗಲ್ಲು ಹಕ್ಕಿಗೆ ತಿಳಿಯದು. ಗಡಿಯಾಚೆಗಿನ ಬದುವೂ ಕೆರೆಯೂ ನಮ್ಮ ಕೈಯಲ್ಲಿವೆ.

ಆದುದರಿಂದ ಈ ಮಹೋತ್ಸವದ ನೆನಪಿಗೆ ಪ್ರತಿಯೊಂದು ಮನೆಯವರೂ ಒಂದು ನಿಯಮವನ್ನು ಹಿಡಿಯಬೇಕೆಂದು ಪ್ರಾರ್ಥಿಸುತ್ತೇನೆ. ಹೊಲದಂಚಿನ ಮುದಿಮರವನ್ನೋ, ಹಣ್ಣು ಬಿಡುವ ಅತ್ತಿ, ಆಲವನ್ನೋ ಕಡಿಯದೆ ಉಳಿಸಿರಿ. ಕೆರೆಯಂಚನ್ನು ಒತ್ತದಿರಿ. ಘಟ್ಟದ ದಾರಿಯಲ್ಲಿ ಮಂಗಗಳಿಗೆ ಬಿಸ್ಕತ್ತು ಎಸೆಯುವುದನ್ನು ಪುಣ್ಯವೆಂದು ತಿಳಿಯದೆ, ಅವು ತಿನ್ನುವ ಹಣ್ಣಿನ ಮರಗಳು ಉಳಿಯುವಂತೆ ನೋಡಿಕೊಳ್ಳಿರಿ.

ಜಿನಬಿಂಬಕ್ಕೆ ಇಂದು ಭಕ್ತಿಯಿಂದ ನೆಲೆ ಕಲ್ಪಿಸಿದ್ದೇವೆ. ಮೂಕಜೀವಗಳ ನೆಲೆಯನ್ನು ನಾವು ಕಟ್ಟಬೇಕಾಗಿಲ್ಲ, ಕೆಡವದಿದ್ದರೆ ಸಾಕು. ಅದೇ ಅವುಗಳಿಗೆ ನಾವು ಕೊಡುವ ಅಭಯದಾನ.

ಜೈ ಜಿನೇಂದ್ರ.